ರಿಹಾಬಳ ಮೊದಲ ಆಯ್ಕೆ

ದಮನ್‌ಹೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರು, ಒಂದು ಮುದಿ ಮಷೀನು, ಮತ್ತೆ ನನ್ನ ಬಾಯಿ, ಇಷ್ಟೇ ಬಂಡವಾಳ. ಉಮ್ಮ್ ಹಾತಿಮ್, ಅಂದರೆ ಹಾತಿಮನ ತಾಯಿಯಾದ ನಾನು, ಬಾಯಿ ತೆರೆದರೆ ರೈಲಿನ ಶಿಳ್ಳೆಯೂ ಕೇಳಿಸುವುದಿಲ್ಲ ಎಂದು ಪಕ್ಕದಲ್ಲಿ ಫೂಲ್ ಎಂಬ ಬೇಯಿಸಿದ ಕಾಳು ಮಾರುವ ಅಂಗಡಿಯವನು ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ, ಅವನ ಗಂಟೇನು ಹೋಯಿತು. ಆದರೆ ಬಾಯಿ ತೆರೆಯಲೇಬೇಕಾಗಿದ್ದ ಒಂದು ದಿನ ನಾನು ಗಪ್‌ಚುಪ್ಪಾಗಿ ಕೂತೆ.

ರಿಹಾಬ್ ಹಿಂದಿನ ಬೀದಿಯ ಸಬ್ರಿಯ ಮಗಳು. ತಾಯಿ ತೀರಿಕೊಂಡಾಗ ಹುಡುಗಿಗೆ ಎಂಟು ವರ್ಷ. ಸಬ್ರಿ ಸರ್ಕಾರಿ ಆಸ್ಪತ್ರೆಯಲ್ಲಿ ವಾರ್ಡಿನ ಆಳು. ಅವನು ಮನೆಗೆ ಬರುವತನಕ ಅವಳು ನನ್ನ ಅಂಗಡಿಯಲ್ಲೇ ಕೂತು ಓದಿಕೊಳ್ಳುತ್ತಿದ್ದಳು. ಓದುವುದೇನು ಬಂತು, ಪ್ರಶ್ನೆ ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಳು.

"ಚಿಕ್ಕಮ್ಮಾ, ಬರೀ ಬೆಳಕು ಓಡಿದ್ರೆ ಕಾಗದದ ಮೇಲೆ ಅಕ್ಷರ ಹೆಂಗೆ ಮೂಡುತ್ತೆ?"

"ಸ್ವಿಚ್ ಒತ್ತಿದ್ರೆ ಮೂಡುತ್ತೆ ಕಣೇ, ಸುಮ್ನೆ ಕೂತ್ಕೋ!"

ಕೂರಲಿಲ್ಲ. ವಾರ ಕಳೆಯುವುದರೊಳಗೆ ಎಲ್ಲೋ ಓದಿಕೊಂಡು ಬಂದು, ಮಷೀನಿನ ಹೊಟ್ಟೆ ಬಿಚ್ಚಿ ನನಗೇ ಪಾಠ ಹೇಳಿದಳು. ಆಗ ಅವಳಿಗೆ ಹನ್ನೊಂದು.

ಇಪ್ಪತ್ತು ವರ್ಷ ಡಾಕ್ಟರುಗಳಿಗೆ ಬಾಗಿಲು ಹಿಡಿದು ನಿಂತವನು ಸಬ್ರಿ. ಮಗಳು ಡಾಕ್ಟರಾಗಬೇಕು ಎಂಬ ಒಂದೇ ಹಟ ಅವನದು. ಅವನ ಹಟ ಬೀದಿಗೂ ಅಂಟಿತು. ಹೈಸ್ಕೂಲಿನ ಹುಡುಗಿಯನ್ನೇ ಎಲ್ಲರೂ "ಏನು ಡಾಕ್ಟರಮ್ಮಾ" ಎಂದು ಮಾತಾಡಿಸುತ್ತಿದ್ದರು. ಕೊನೆಯ ವರ್ಷ ಜೀವಶಾಸ್ತ್ರವೋ ಗಣಿತವೋ ಎಂದು ಬರೆದುಕೊಡುವಾಗ ಅವನು ಜೀವಶಾಸ್ತ್ರ ಬರೆಸಿದ. ಅಲ್ಲಿಗೆ ಎಂಜಿನಿಯರಿಂಗಿನ ಬಾಗಿಲು ಮುಚ್ಚಿತು. ರಿಹಾಬ್ ಒಂದು ವಾರ ಮಂಕಾಗಿದ್ದು, ಮತ್ತೆ ಚಿಗುರಿಕೊಂಡಳು. ಅಲೆಕ್ಸಾಂಡ್ರಿಯಾದ ವಿಜ್ಞಾನ ಕಾಲೇಜಿನ ಬಾಗಿಲು ಇನ್ನೂ ತೆರೆದಿತ್ತು. ಶಾಲೆಯವರೊಡನೆ ಅಲ್ಲಿನ ಭೌತಶಾಸ್ತ್ರ ವಿಭಾಗ ನೋಡಿ ಬಂದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

"ಒಬ್ರು ಮುದುಕ ಮೇಷ್ಟ್ರು ನನ್ನ ಪ್ರಶ್ನೆಗೆಲ್ಲ ಉತ್ತರ ಕೊಟ್ರು ಚಿಕ್ಕಮ್ಮಾ. ಆಮೇಲೆ ಅವರೊಂದು ಕೇಳಿದ್ರು, ನಂಗೆ ಬರ್ಲಿಲ್ಲ! ನಾನು ಓದಿದ್ರೆ ಅಲ್ಲೇ ಓದೋದು."

ಬರಲಿಲ್ಲ ಎಂದು ಕುಣಿಯುವ ಹುಡುಗಿಯನ್ನು ನಾನು ನೋಡಿದ್ದು ಅದೊಂದೇ ಸಲ.

ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೇಳು ಬಂತು. ಸಬ್ರಿ ಬೀದಿಗೆಲ್ಲ ಶರಬತ್ತು ಹಂಚಿದ. ಇನ್ನು ಉಳಿದದ್ದು ಸರ್ಕಾರಕ್ಕೆ ಕಂಪ್ಯೂಟರಿನಲ್ಲಿ ಕಳಿಸುವ ಆಯ್ಕೆಪಟ್ಟಿ. ಯಾವುದನ್ನು ಮೊದಲು ಬರೆಯುತ್ತೇವೋ, ಅದಕ್ಕೆ ಅಂಕ ಸಾಕಾದರೆ, ಅದೇ ಸಿಗುತ್ತದೆ. ಮೊದಲನೆಯದು ವಿಜ್ಞಾನ ಕಾಲೇಜು, ಎರಡನೆಯದು ಮೆಡಿಕಲ್ ಎಂದು ಅವಳು ಹೇಳಿದಂತೆ ನಾನೇ ತುಂಬಿದೆ.

ಪಟ್ಟಿ ತಿದ್ದಲು ಕೊನೆಯ ದಿನ ಮಧ್ಯಾಹ್ನ ಸಬ್ರಿ ಒಬ್ಬನೇ ಬಂದ. ಮಗಳ ಗುಪ್ತಸಂಖ್ಯೆ ಕೈಯಲ್ಲಿತ್ತು.

"ಮೆಡಿಕಲ್ ಮೇಲೆ ಹಾಕಮ್ಮಾ."

"ಅವಳಿಗೆ ಗೊತ್ತಾ?"

"ಇಷ್ಟು ಅಂಕ ತಗೊಂಡು ಸ್ಕೂಲ್ ಮೇಷ್ಟ್ರಾಗ್ಬೇಕಾ ಅವಳು? ನೀನೂ ಹೆತ್ತೋಳು. ತಾಯಿಲ್ಲದ ಮಗು ಬೀದಿಪಾಲಾಗೋದನ್ನ ನೋಡ್ತೀಯಾ?"

ಅವನ ಕಣ್ಣಲ್ಲಿ ನೀರಿತ್ತು. ಇಷ್ಟಕ್ಕೂ, ಡಾಕ್ಟರಾದರೆ ಕೆಟ್ಟದ್ದೇನು ಎಂದು ನನಗೂ ಅನಿಸಿತಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಬದಲಾಯಿಸಿ ಗುಂಡಿ ಒತ್ತಿದೆ.

ಸೀಟು ಹಂಚಿದ ದಿನ ರಿಹಾಬ್ ಅಂಗಡಿಗೆ ಓಡಿಬಂದಳು. ಚೀಟಿ ಅಚ್ಚು ಹಾಕಿ ಕೊಟ್ಟೆ. ಓದಿದವಳೇ ತಲೆಯೆತ್ತಿ ನನ್ನನ್ನು ನೋಡಿದಳು.

"ಕಂಪ್ಯೂಟರು ಏನೋ ಎಡವಟ್ಟು ಮಾಡಿರ್ಬೇಕು ಕಂದಾ," ಎಂದೆ.

ಅವಳು ಚೀಟಿಯನ್ನು ಇನ್ನೊಮ್ಮೆ ಕೆಳಗಿನ ತನಕ ಓದಿ, ಮಡಚಿ, "ಆಗ್ಲಿ ಚಿಕ್ಕಮ್ಮಾ" ಎಂದಳು. ಹೊರಗೆ ಆಗಲೇ ಹೆಂಗಸರು ಉಲುಲು ಎಂದು ಸಂಭ್ರಮದ ಕೇಕೆ ಹಾಕುತ್ತಿದ್ದರು. ಅಪ್ಪ ಎಲ್ಲರೆದುರು ಮಗಳ ಹಣೆಗೆ ಮುತ್ತಿಟ್ಟ. ಒಲ್ಲೆ ಎನ್ನಲು ಅವಳಿಗೆ ಜಾಗವೇ ಉಳಿಯಲಿಲ್ಲ.

ಒಂದು ವರ್ಷ ಫೇಲಾಗಿ, ಅಂತೂ ಓದು ಮುಗಿಸಿದಳು. ಈಗ ಊರಾಚೆಯ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು. ಒಳ್ಳೆಯ ಕೈಗುಣ ಎನ್ನುತ್ತಾರೆ ಜನ. ಇವತ್ತಿಗೂ ವಾರಕ್ಕೊಮ್ಮೆ ಅಂಗಡಿಗೆ ಬಂದು ಚಹಾ ಕುಡಿದು ಹೋಗುತ್ತಾಳೆ, ಆದರೆ ಯಾವುದನ್ನೂ ಹೇಗೆ, ಏಕೆ ಎಂದು ಕೇಳುವುದಿಲ್ಲ. ಆ ಮೌನ ನನ್ನನ್ನು ಹತ್ತು ವರ್ಷ ಕೊರೆದಿದೆ.

ಹೋದ ಚಳಿಗಾಲ ಸಬ್ರಿ ತೀರಿಕೊಂಡ. ನಲವತ್ತು ದಿನ ಕಳೆದ ಮೇಲೆ ತಡೆಯಲಾರದೆ, ಅವಳ ಆರೋಗ್ಯ ಕೇಂದ್ರಕ್ಕೇ ಹೋಗಿ ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು," ಎಂದಳು. "ಬದಲಾಯಿಸಿದ ಹೊತ್ತು ಚೀಟೀಲೇ ಇತ್ತು. ಅಪ್ಪಂಗೆ ಕಂಪ್ಯೂಟರ್ ಮುಟ್ಟೋಕೂ ಬರ್ತಿರ್ಲಿಲ್ಲ. ಮಾಡಿದ್ದು ಯಾರು ಅಂತ ಅವತ್ತೇ ಗೊತ್ತಾಯ್ತು."

"ಮತ್ಯಾಕೆ ನನ್ನ ಮುಖಕ್ಕೆ ಉಗೀಲಿಲ್ಲ ನೀನು?"

"ಉಗಿದಿದ್ರೆ ನಿಮ್ಮಂಗಡಿಗೆ ಬರೋದು ಬಿಡ್ಬೇಕಾಗ್ತಿತ್ತು. ಕಾಲೇಜೂ ಹೋಯ್ತು, ನೀವೂ ಹೋದ್ರೆ ನಾನೆಲ್ಲಿಗೆ ಹೋಗ್ಲಿ ಚಿಕ್ಕಮ್ಮಾ?"

ನಾನು ಅಲ್ಲೇ ಕೂತು ಗೋಳೋ ಎಂದು ಅತ್ತೆ. ಅವಳು ಅಳಲಿಲ್ಲ. ಹೊರಗೆ ಇನ್ನೂ ಹದಿನೈದು ಜನ ಕಾದಿದ್ದರು; ನನ್ನ ಕೈಗೊಂದು ಲೋಟ ನೀರು ಕೊಟ್ಟು, ಮುಂದಿನವರನ್ನು ಕರೆದಳು.