ಮಾಳಿಂಗಪ್ಪನ ಎಡಗೈ

ರಾವಣನಿಗೆ ಇಪ್ಪತ್ತು ಕೈಗಳಿದ್ದವಂತೆ. ಮಾಳಿಂಗಪ್ಪನಿಗಿದ್ದವು ಎರಡೇ, ಅದರಲ್ಲೂ ಎಡಗೈ ಸಂಗೀತದ ಪಾಲಿಗೆ ಇದ್ದೂ ಇಲ್ಲದಂತೆ. ಮಟಕಿ ಎಂಬ ಊರಿನ ಕುರುಬರ ಮನೆಯಲ್ಲಿ ಹುಟ್ಟಿ, ಕುರಿ ಬಿಟ್ಟು ಅಫಜಲಪುರದ ನಾಟಕ ಕಂಪನಿ ಸೇರಿ, ಹನ್ನೆರಡು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದ ಮಹಾನುಭಾವ ಅವನು. ಪೇಟಿಯವನ ಬಲಗೈ ಕಪ್ಪು-ಬಿಳಿ ಸ್ವರದ ಮನೆಗಳ ಮೇಲೆ ಕುಣಿಯುತ್ತದೆ, ಎಡಗೈ ಹಿಂದೆ ಕೂತು ತಿದಿ ಒತ್ತಿ ಗಾಳಿ ಹಾಕುತ್ತದೆ. ಚಪ್ಪಾಳೆಯೆಲ್ಲ ಬಲಗೈಗೆ.

ಕಂಪನಿ ಮುಳುಗಿದಾಗ ಊರಿಗೆ ಹೋದರೆ ಅಣ್ಣ ಬಾಗಿಲಲ್ಲೇ ನಿಲ್ಲಿಸಿದ. "ಕುರಿ ಬಿಟ್ಟು ಹೋದಾವಗ ಹಟ್ಟ್ಯಾಗ ಏನ್ ಕೆಲಸಪಾ?" ಹೀಗೆ 1936ರಲ್ಲಿ ಅವನು ಆಳಂದದ ಮಿಷನ್ ಬಂಗಲೆಯ ಕಾವಲುಗಾರನಾದ. ಅಲ್ಲಿನ ಮಿಸ್ಸಮ್ಮ ತಮ್ಮ ಪಿಯಾನೊ ಮುಟ್ಟಲು ಅವನಿಗೂ ಬಿಟ್ಟರು. ಒಂದು ದಿನ ಬೈಬಲಿನ ಕಥೆಯನ್ನೂ ಓದಿ ಹೇಳಿದರು: ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬ ತೊಂಬತ್ತೊಂಬತ್ತನ್ನು ಬಯಲಲ್ಲೇ ಬಿಟ್ಟು ಅದನ್ನು ಹುಡುಕಲು ಹೋದ.

"ಬಯಲಾಗ ಬಿಟ್ಟು ಹೋದ್ನಾ? ತೋಳಕ್ಕ ಅವತ್ತು ಉಪಾಸ ಇತ್ತೇನ್ರಿ?"

ಮಿಸ್ಸಮ್ಮ ನಕ್ಕುಬಿಟ್ಟರು. "ಹಾಗಾದರೆ ಈ ಕಥೆಯನ್ನು ನೀನೇ ಪಿಯಾನೊದಲ್ಲಿ ಕಟ್ಟು."

"ಕಟ್ತೇನ್ರಿ."

ಅದೇ ತಿಂಗಳು ಅವರು ಕಾಯಿಲೆ ಬಿದ್ದು ತಮ್ಮ ದೇಶಕ್ಕೆ ಹೋದರು, ಮರಳಲಿಲ್ಲ. ಬಂಗಲೆಯಲ್ಲಿ ಆರು ಕೋಣೆ, ಹನ್ನೆರಡು ಕುರ್ಚಿ, ಒಬ್ಬ ಮಾಳಿಂಗಪ್ಪ ಉಳಿದರು. ಯಾರೂ ಕೂಡದ ಕುರ್ಚಿಗಳನ್ನು ದಿನಾ ಒರೆಸಿ, ಆಮೇಲೆ ಅವನು ಪಿಯಾನೊದ ಮುಂದೆ ಯುದ್ಧಕ್ಕೆ ಕೂಡುತ್ತಿದ್ದ.

ಬಲಗೈ ಕುರಿಯಾಯಿತು. ಅದು ಮುಳ್ಳುಕಂಟಿಯಲ್ಲಿ ಸಿಕ್ಕಿ ಬ್ಯಾ ಎಂದು ಒದರುವುದನ್ನು ಎಷ್ಟು ಚೆನ್ನಾಗಿ ಕಟ್ಟಿದನೆಂದರೆ, ಬಂಗಲೆ ಕಸ ಹೊಡೆಯಲು ಬರುವ ಮುದುಕಿ ಕರೀಮುನ್ನಿಸಾ ಮೊದಲ ಸಲ ಕೇಳಿದಾಗ ಹಿತ್ತಲಿಗೆ ಹೋಗಿ ನೋಡಿ ಬಂದಳು. ಆದರೆ ಕುರುಬನಾಗಬೇಕಾದ ಎಡಗೈ? ಅದು ಮನೆಗಳ ಮೇಲೆ ನಿಲ್ಲದೆ ಹಾರಿ ಹೋಗಿ, ಇಲ್ಲದ ಪೇಟಿಗೆ ಗಾಳಿ ಹಾಕುತ್ತಿತ್ತು. ಹಿಡಿದು ತಂದರೆ ನಾಲ್ಕು ಮನೆ ಒಟ್ಟಿಗೆ ಒತ್ತಿ ಗುಂಯ್ ಎನ್ನಿಸುತ್ತಿತ್ತು. ಅಂಥ ಕುರುಬ ಬಂದರೆ ಕುರಿ ಇನ್ನೂ ಎರಡು ಹರದಾರಿ ಓಡೀತು. ಮೂರು ವರ್ಷವಾದರೂ ಕುರಿ ಸಿಗಲಿಲ್ಲ.

ಅಷ್ಟರಲ್ಲಿ ಮಿಷನ್ನಿನವರ ಕಾಗದ ಬಂತು: ಗುರುವಾರ ಪಿಯಾನೊವನ್ನು ಗಾಡಿಯಲ್ಲಿ ಕಲಬುರ್ಗಿ ಸ್ಟೇಷನ್ನಿಗೆ ಕಳಿಸಬೇಕು. ಆಳಂದ, ಅಫಜಲಪುರ, ಜೇವರ್ಗಿ ಜಾಲಾಡಿದರೂ ಅವನಿಗೆ ಇನ್ನೊಂದು ಪಿಯಾನೊ ಎಲ್ಲಿಂದ ಸಿಗಬೇಕು? ಗುರುವಾರದೊಳಗೆ ಸಿಗದ ಕುರಿ ಇನ್ನು ಸಿಗುವುದಿಲ್ಲ. ಅವನು ಹಟ ತೊಟ್ಟು, ಎಡಗೈ ಹಾರಿಹೋಗದಂತೆ ರುಮಾಲಿನಿಂದ ಪಿಯಾನೊಕ್ಕೇ ಕಟ್ಟಿ ಕೂತ.

ಕರೀಮುನ್ನಿಸಾ ಕಸಬರಿಗೆ ಹಿಡಿದು ನಿಂತಳು. "ಆ ಕೈ ಏನ್ ಕಳತನ ಮಾಡ್ಯದೋ ಮಾಳಿಂಗಪ್ಪ?"

"ಸುಮ್ನ ಗಾಳಿ ಹಾಕ್ತದ, ಖಾಲಾ."

"ಹಾಕ್ಲಿ ಬಿಡು. ಬ್ಯಾಸಿಗಿ ಅದ."

ಗುರುವಾರ ರಸೂಲನ ಎತ್ತಿನ ಗಾಡಿ ಅಂಗಳಕ್ಕೆ ಬಂತು. ಮಾಳಿಂಗಪ್ಪ ಕೊನೆಯ ಸಲ ಬಾರಿಸಿದ. ಕರೀಮುನ್ನಿಸಾ ಅದೇ ಮೊದಲು ಒಂದು ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು. ಕುರಿ ಒದರಿತು, ಒದರಿತು, ನಿಂತಿತು.

"ಸಿಕ್ತೇನು?"

"ಇಲ್ಲ ಖಾಲಾ."

"ಮತ್ತ ಯಾಕ್ ನಿಲ್ಲಿಸ್ದಿ?"

"ಗಾಡಿ ಬಂದದ."

ಎಂಟು ಮಂದಿ ಹೊತ್ತು ಪಿಯಾನೊ ಏರಿಸಿದರು. ಗಾಡಿ ಕಲಬುರ್ಗಿ ದಾರಿಯ ಮೊದಲ ಕುಣಿಗೆ ಇಳಿದದ್ದೇ ತಡ, ಪೆಟ್ಟಿಗೆಯೊಳಗಿನ ದಪ್ಪ ತಂತಿಗಳು ತಾವಾಗಿಯೇ ಧುಂ ಎಂದವು. ಇನ್ನೊಂದು ಕುಣಿ, ಧುಂ. ಅವಸರವಿಲ್ಲ, ಆಗಾಗ ನಿಂತು ಸುತ್ತ ನೋಡಿದಂತೆ ಒಂದು ಮೌನ, ಮತ್ತೆ ಧುಂ. ಕತ್ತಲ ಅಡವಿಯಲ್ಲಿ ಹುಡುಕುವವನ ಹೆಜ್ಜೆ.

ಮಾಳಿಂಗಪ್ಪ ಚಪ್ಪಲಿ ಮರೆತು ಹಿಂದೆ ನಡೆದ. ಬಾಯಲ್ಲಿ ಕುರಿ ಒದರುತ್ತಿತ್ತು, ಬಲಗೈ ಗಾಳಿಯಲ್ಲಿ ಬಾರಿಸುತ್ತಿತ್ತು. ಎಡಗೈ ಅಂದು ಮೊದಲ ಸಲ ಸುಮ್ಮನೆ ಇಳಿಬಿದ್ದಿತ್ತು. ಕುರಿ ಕೂಗಿದಾಗ ಹೆಜ್ಜೆ, ಹೆಜ್ಜೆ ನಿಂತಾಗ ಕುರಿ, ಕೊನೆಗೆ ಎರಡೂ ಒಟ್ಟಿಗೆ.

ರಸೂಲ ತಿರುಗಿ ನೋಡಿದ. "ಎಲ್ಲಿ ತನಕ ಬರ್ತಿಯೋ ಮಾರಾಯಾ? ಬಂಗಲೆ ಹಂಗೇ ಬಿಟ್ಟು ಬಂದಿಯಲ್ಲ?"

"ಏನದ ಅಲ್ಲಿ? ಹನ್ನೆರಡು ಕುರ್ಚಿ."

ಹೇಳಿದ ಮೇಲೆ ಮಾಳಿಂಗಪ್ಪನಿಗೆ ತನಗೇ ನಗು ಬಂತು. ಮಿಸ್ಸಮ್ಮ ಇದ್ದಿದ್ದರೆ ಹೇಳಬಹುದಿತ್ತು, ತಾನೂ ತೊಂಬತ್ತೊಂಬತ್ತನ್ನು ಬಿಟ್ಟು ಬಂದೆನೆಂದು.

ಸ್ಟೇಷನ್ನಿನ ಹಾಸುಗಲ್ಲು ನುಣ್ಣಗಿತ್ತು. ಅಲ್ಲಿ ಹೆಜ್ಜೆ ಕೇಳಿಸಲಿಲ್ಲ.

ಮೂರನೆಯ ದಿನ ಬರಿಗಾಲಲ್ಲಿ ಮರಳಿದವನನ್ನು ಕರೀಮುನ್ನಿಸಾ ಕೇಳಿದಳು: "ಸಿಕ್ತೇನು?"

"ಸಿಕ್ಕಿತ್ತು ಖಾಲಾ," ಎಂದು ಅವನು ಅರಿವೆ ತೆಗೆದುಕೊಂಡು ಮೊದಲನೆಯ ಕುರ್ಚಿ ಒರೆಸತೊಡಗಿದ, ಎಡಗೈಯಿಂದ.