ದ್ವೀಪ ಎಂದರೆ ನಡುಗಡ್ಡಿ

ಕಳೆದ ವರ್ಷ ನಮ್ಮ ಅಕ್ಕ ಈರಮ್ಮನಿಗೆ ಅರವತ್ತು ತುಂಬಿ, ಸಿರುಗುಪ್ಪದ ಶಾಲೆಯಲ್ಲಿ ಮಾಡುತ್ತಿದ್ದ ಬಿಸಿಯೂಟದ ಕೆಲಸ ಮುಗಿಯಿತು. ಅಷ್ಟು ವರ್ಷ ಊರ ಮಕ್ಕಳಿಗೆಲ್ಲ ಬಡಿಸಿದವಳನ್ನು ಒಮ್ಮೆಯಾದರೂ ಕೂರಿಸಿ ಬಡಿಸುವ ಜಾಗಕ್ಕೆ ಕರೆದುಕೊಂಡು ಹೋಗಬೇಕೆಂದು ನಾನೂ ತಂಗಿ ಸುಮಿತ್ರಾಳೂ ಮಾತಾಡಿಕೊಂಡೆವು. ನಾನು ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣ ಘಟಕ ನಡೆಸುತ್ತೇನೆ. ಸುಮಿತ್ರಾ ಕುರುಗೋಡಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಮೂವರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಗಂಡಂದಿರನ್ನು ಮನೆಯಲ್ಲೇ ಬಿಟ್ಟು ಹಡಗು ಹತ್ತಿ ಲಕ್ಷದ್ವೀಪಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ತೀರ್ಮಾನವಾದದ್ದು ಅಷ್ಟೇ, ಮುಂದೆಲ್ಲ ಜಗಳ. ಟ್ರಾವೆಲ್ಸ್‌ನವರ ಹತ್ತಿರ ಎರಡು ಥರದ ಪ್ರವಾಸಗಳಿದ್ದವು. ಒಂದರಲ್ಲಿ ಹಡಗೇ ಮನೆ. ಹಗಲು ದ್ವೀಪಕ್ಕಿಳಿದು ಸುತ್ತಾಡಿ ಸಂಜೆ ಹಡಗಿಗೆ ವಾಪಸ್, ಮರುದಿನ ಇನ್ನೊಂದು ದ್ವೀಪ. ಇನ್ನೊಂದರಲ್ಲಿ ಹಡಗು ನಮ್ಮನ್ನು ಒಂದೇ ದ್ವೀಪದಲ್ಲಿ ಇಳಿಸಿ ತನ್ನ ದಾರಿ ಹಿಡಿಯುತ್ತದೆ. ಎರಡು ದಿನ ಅಲ್ಲೇ ಉಳಿದು, ಅದು ಮರಳಿ ಬಂದಾಗ ಹತ್ತಬೇಕು. ನನಗೆ ಮೊದಲನೆಯದೇ ಬೇಕು. ಕೊಟ್ಟ ದುಡ್ಡಿಗೆ ನಾಲ್ಕು ಕಡೆ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಸುಮಿತ್ರಾ ಮೂಗು ಮುರಿದಳು.

"ಮುಟ್ಟಿ ಓಡಿ ಬರಾಕ ಅದೇನು ಕಬಡ್ಡಿ ಆಟ ಐತೇನಕ್ಕ? ಒಂದ ಕಡಿ ಕಾಲು ಚಾಚಿ ಕುಂತು ಬರೂಣು" ಎಂದಳು.

ಅಕ್ಕನನ್ನು ಕೇಳಿದರೆ "ನೀವು ಎಲ್ಲಿ ಅಂದ್ರ ಅಲ್ಲಿ" ಎಂದು ಜಾರಿಕೊಳ್ಳುತ್ತಿದ್ದಳು. ಅವಳ ಕಾಳಜಿಯೇ ಬೇರೆ. ಯಾರ ಮನೆಗೆ ಬರಲಿ, ನೀರು ಕುಡಿಯುವ ಮೊದಲೇ "ವಾಪಸ್ ಬಸ್ಸು ಎಷ್ಟೊತ್ತಿಗೈತಿ?" ಎಂದು ಕೇಳುವವಳು. ಮದುವೆ ಮನೆಗಳಲ್ಲಿ ಅಕ್ಷತೆ ಬಿದ್ದ ಕೂಡಲೇ ಚೀಲ ಹಿಡಿದು ನಿಂತುಬಿಡುತ್ತಿದ್ದಳು. ನಾವಿಬ್ಬರೂ ಅವಳಿಗೆ ಬಸ್‌ಸ್ಟ್ಯಾಂಡ್ ಕಂಟ್ರೋಲರ್ ಎಂದು ಹೆಸರಿಟ್ಟು ನಗುತ್ತಿದ್ದೆವು.

ಸಂಕ್ರಾಂತಿ ಮುಗಿದ ಭಾನುವಾರ ಮೂವರೂ ಬುಕಿಂಗ್‌ಗೆಂದು ಬಳ್ಳಾರಿಯಲ್ಲಿ ಸೇರಿದೆವು. ಟ್ರಾವೆಲ್ಸ್ ನಡೆಸುವ ಫರ್ಹಾನಾ ನಮ್ಮ ಓಣಿಯವಳೇ. ಕಂಪ್ಯೂಟರ್ ತಿರುಗಿಸಿ, ಮೇಲಿನಿಂದ ತೆಗೆದ ಫೋಟೋ ಒಂದನ್ನು ತೋರಿಸಿದಳು. ನೀಲಿ ನೀರಿನ ನಡುವೆ ಅಂಗೈಯಷ್ಟು ಹಸಿರು. ಅಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಇದೇನವ್ವ, ಸುತ್ತೂಕಡಿ ನೀರು?"

"ದ್ವೀಪ ಅಂದ್ರ ಹಂಗ ಇರತೈತ್ರಿ ಅಮ್ಮಾರ."

"ಅಂದ್ರ ನಡುಗಡ್ಡಿ?"

"ಹೂಂರಿ, ನಡುಗಡ್ಡೀನ."

ಅಕ್ಕನ ಮುಖ ಸಪ್ಪಗಾಯಿತು. ಲಕ್ಷದ್ವೀಪ ಎಂದರೆ ಸಮುದ್ರದ ದಂಡೆಯ ಯಾವುದೋ ಊರು ಎಂದುಕೊಂಡಿದ್ದಳಂತೆ. "ಹಡಗ ಬಿಟ್ಟು ಹೋದಮ್ಯಾಲ ವಾಪಸ್ ಬರದಿದ್ರ?" ಎಂದು ಕೇಳಿದಳು.

"ಬರದಿದ್ರ ಅಲ್ಲೇ ಬಿಸಿಯೂಟ ಮಾಡಿಕೊಂಡಿರು" ಎಂದೆ. ಸುಮಿತ್ರಾ ನಕ್ಕಳು. ಅಕ್ಕ ನಗಲಿಲ್ಲ. ಎದ್ದು ಚೀಲ ಹೆಗಲಿಗೇರಿಸಿದಳು. "ನೀವಿಬ್ರೂ ಹೋಗಿ ಬರ್ರಿ. ನಾ ಒಲ್ಲೆ."

ಹೇಗೋ ರಮಿಸಿ ನನ್ನ ಘಟಕಕ್ಕೆ ಕರೆತಂದೆವು. ರಜೆಯ ದಿನ, ಮಿಷನ್‌ಗಳೆಲ್ಲ ಸುಮ್ಮನಿದ್ದವು. ಚಹಾ ಕುಡಿದು, ಬಟ್ಟೆಯ ಥಾನಿನ ಮೇಲೆ ಕೂತು, ಅಕ್ಕ ನಾವು ಎಂದೂ ಕೇಳಿರದ ಸಂಗತಿ ಹೇಳಿದಳು.

ಆಗ ಅವಳಿಗೆ ಒಂಬತ್ತು ವರ್ಷ. ನಾನು ಹಾಲು ಕುಡಿಯುವ ಕೂಸು, ಸುಮಿತ್ರಾ ಹುಟ್ಟಿರಲಿಲ್ಲ. ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ನಮಗೆ ತುಂಡು ಹೊಲವಿತ್ತು. ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಕಳೆ ಕೀಳಲು ಹೋಗಿದ್ದಾಗ, ಮೇಲೆ ಡ್ಯಾಮಿನಿಂದ ಬಿಟ್ಟ ನೀರು ಬಂದು ಹೊಳೆ ಏರಿತು. ಬಂದದ್ದು ಒಂದೇ ಹರಿಗೋಲು. ಕೂಸಿನ ತಾಯಂದಿರು ಮೊದಲು ಹತ್ತಲಿ ಎಂದರು. ಅವರು ಮಕ್ಕಳೊಂದಿಗೆ ಹತ್ತಿದ ಮೇಲೆ, ಒಂದು ಜೀವ ಹೆಚ್ಚಾಗಿದೆ ಎಂದು ಅಂಬಿಗ ಹುಟ್ಟು ಹಾಕಲು ಒಪ್ಪಲಿಲ್ಲ.

"ಅವ್ವ ನನ್ನ ಕೈ ಹಿಡಿದಿದ್ಲು. ನಾನ ಬಿಡಿಸಿಕೊಂಡು ಇಳಿದೆ. ಮುಂದಿನ ಸಲಕ್ಕ ಬರ್ತೀನಿ, ನೀ ಹೋಗು ಅಂದೆ. ಮುಂದಿನ ಸಲ ಅನ್ನೋದು ಬಂದಿದ್ದು ಮರುದಿನ ಮಧ್ಯಾಹ್ನಕ್ಕ."

ಅಲ್ಲಿಯವರೆಗೆ ಇನ್ನುಳಿದ ಕೂಲಿಯವರ ಜೊತೆ ದಿಬ್ಬದ ಮೇಲೆ ಕೂತಿದ್ದಳಂತೆ. ನೀರು ದಿಬ್ಬದ ಬುಡಕ್ಕೆ ಬಂದಿತ್ತಂತೆ.

"ಯಾಕ ಹೇಳಲಿಲ್ಲ ಯಕ್ಕ?" ಎಂದೆ.

"ಆ ಮಾತು ಎತ್ತಿದ್ರ ಅವ್ವ ಉಣ್ಣೋದು ಬಿಡತಿದ್ಲು. ಅದಕ್ಕ ಬಾಯಿ ಮುಚ್ಚಿದೆ. ಆಮ್ಯಾಲ ಅದ ರೂಢಿ ಆತು."

ನಾನು ಅತ್ತೆ. ಸುಮಿತ್ರಾಳೂ ಅತ್ತಳು. ಅಕ್ಕನೇ ಇಬ್ಬರ ಬೆನ್ನೂ ಸವರಿದಳು. ಜನ್ಮದಲ್ಲಿ ಮೊದಲ ಸಲ ನಾನೂ ತಂಗಿಯೂ ಒಂದೇ ಮಾತಿಗೆ ಬಂದೆವು. ದ್ವೀಪದಲ್ಲಿ ಉಳಿಯುವುದು ಬೇಡವೇ ಬೇಡ, ಹಡಗಿನಲ್ಲೇ ಇರುವ ಪ್ರವಾಸವಾದರೆ ಹೋಗೋಣ, ಅಕ್ಕ ಬೇಕಾದರೆ ಕೆಳಗೆ ಇಳಿಯುವುದೇ ಬೇಡ. ಅಷ್ಟಕ್ಕಾದರೂ ಒಪ್ಪು ಎಂದು ಬೇಡಿಕೊಂಡೆವು. ಅವಳು ಎದ್ದು ನಮ್ಮ ಜೊತೆ ಮತ್ತೆ ಫರ್ಹಾನಾಳ ಆಫೀಸಿಗೆ ಬಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ಆ ನಡುಗಡ್ಡಿ ಮ್ಯಾಲ ನಮ್ಮ ಮೂರೂ ಮಂದೀನ ಒಂದ ಖೋಲ್ಯಾಗ ಇಡತಾರೇನವ್ವ?"

"ಇಡತಾರ್ರಿ ಅಮ್ಮಾರ."

"ಹಂಗಾರ ಅದನ್ನ ಬರಕೋ."

"ಯಕ್ಕ, ನಮ್ಮ ಸಲುವಾಗಿ ಬ್ಯಾಡ" ಎಂದು ತಡೆದೆ.

"ನಿಮ್ಮ ಸಲುವಾಗಿ ಅಲ್ಲಲೇ. ಇನ್ನ ಎಷ್ಟು ದಿನ ಬಸ್ಸಿನ ಟೈಮ್ ಕೇಳಿಕೋಂತ ತಿರುಗಲಿ? ಅವಾಗ ಒಬ್ಬಾಕೀನ ಇದ್ದೆ. ಈ ಸಲ ನೀವಿಬ್ರೂ ಮಗ್ಗಲದಾಗ ಇರತೀರಲ್ಲ. ಹಡಗ ಬಂದಾಗ ಬರಲಿ."

ಮುಂದಿನ ತಿಂಗಳು ಹೋದೆವು. ಹಡಗು ನಮ್ಮನ್ನು ಇಳಿಸಿ ತಿರುಗಿದಾಗ ಜೊತೆಯವರೆಲ್ಲ ಫೋಟೋ ತೆಗೆಯುತ್ತಿದ್ದರು. ನಾವು ಮೂವರೂ ಜೆಟ್ಟಿಯ ಮೇಲೆ ನಿಂತಿದ್ದೆವು. ಅಕ್ಕ ನನ್ನ ಕೈ ಹಿಡಿದಿದ್ದಳು, ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ. ಹಡಗು ಪೂರ್ತಿ ಮರೆಯಾದ ಮೇಲೆ "ನಡೀರಿ, ಊಟಕ್ಕ ಏನ್ ಮಾಡ್ಯಾರ ನೋಡೂಣು" ಎಂದು ಮುಂದೆ ನಡೆದಳು.

ಅಲ್ಲಿದ್ದಷ್ಟು ಹೊತ್ತೂ ಹಡಗು ಯಾವಾಗ ಬರುತ್ತದೆ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಬೆಳಗ್ಗೆ ಬಿಸಿಲೇರುವ ತನಕ ನಿದ್ದೆ ಮಾಡಿದಳು. ಕಡಲಿಗಿಳಿದು ಸುಮಿತ್ರಾಳ ಮೇಲೆ ನೀರೆರಚಿದಳು. ಹಡಗು ಬಂತೇ ಎಂದು ಜೆಟ್ಟಿಯ ಕಡೆ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದವಳು ನಾನೇ.

ಅವ್ವನ ತೊಡೆಯ ಮೇಲೆ ಕೂತು ಆ ಹೊಳೆ ದಾಟಿದ್ದು ನನಗೆ ಹೇಗೆ ನೆನಪಿರಬೇಕು? ಆದರೆ ಜೆಟ್ಟಿಯ ಮೇಲೆ ಅಕ್ಕ ಹಿಡಿದ ಆ ಹಿಡಿತವನ್ನು ಸಾಯುವ ತನಕ ಮರೆಯಲಾರೆ. ತನಗೆ ಹೆದರಿಕೆಯಾಗಿ ಹಿಡಿದಿದ್ದಳೋ, ನಾನು ಹೆದರುತ್ತೇನೆಂದು ಹಿಡಿದಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.