ಬಿಸಿಲೂರಿನ ಏಳು ಬಟ್ಟಲು ಕಾಫಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮಗಳ ಮನೆಯ ಈ ಕಿಟಕಿಯ ಪಕ್ಕ ಕೂತು, ಮಧ್ಯಾಹ್ನ ಮೂರೂವರೆಗೇ ಕವಿಯುವ ಕತ್ತಲನ್ನು ನೋಡುವಾಗೆಲ್ಲ ಆ ಕೊಲ್ಲಿಯ ಊರು ನೆನಪಾಗುತ್ತದೆ. ನಿಜವಾಗಿ ಹೋಗಿದ್ದೆನೋ, ಊಟದ ನಂತರದ ಜೊಂಪಿನಲ್ಲಿ ಕಂಡೆನೋ ಅನ್ನಿಸುವಷ್ಟು ದೂರ. ಗಾಜಿನ ಗೋಪುರಗಳು ಬಿಸಿಲಿನಲ್ಲಿ ಕರಗಿ ಮತ್ತೆ ಕೂಡಿಕೊಳ್ಳುತ್ತಿದ್ದವು. ಮಾಲ್‌ನಲ್ಲಿ ನಮಾಜಿನ ಕರೆ ಕೇಳಿದೊಡನೆ ಮ್ಯೂಸಿಕ್ ನಿಂತುಹೋಯಿತು. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಮಧ್ಯಾಹ್ನದ ಪ್ರೇಯರ್ ಗಂಟೆ ಹೊಡೆದರೆ ಸ್ಕಿಪ್ಪಿಂಗ್ ಹಗ್ಗ ಹಿಡಿದು ನಿಂತಲ್ಲೇ ನಿಲ್ಲುತ್ತಿದ್ದೆವು. ಅಲ್ಲಿಯೂ ಹಾಗೇ ನಿಂತುಬಿಟ್ಟೆ, ಪರ್ಸ್ ಹಿಡಿದುಕೊಂಡು.

ಹೋದದ್ದು ಹೆಸರಿಗೆ ವೆಕೇಶನ್. ಫೆಬ್ರವರಿಯಲ್ಲಿ ಮೊಮ್ಮಗಳ ಶಾಲೆಗೆ ಒಂದು ವಾರ ರಜ. ಆದರೆ ಇಲ್ಲೇ ಟೋರ್ಸ್‌ಲಾಂಡದ ಕಾರ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿರುವ ಮಗಳಿಗೆ ಆ ಊರಿನಿಂದ ಕೆಲಸದ ಆಫರ್ ಬಂದಿತ್ತು. ವಾರದೊಳಗೆ ಉತ್ತರ ಹೇಳಬೇಕಿತ್ತು. “ನೀವೇ ನೋಡ್ಕೊಂಡು ಬಂದು ಡಿಸೈಡ್ ಮಾಡಿ” ಎಂದು ಅಳಿಯ ಮನೆಯಲ್ಲೇ ಉಳಿದಿದ್ದ.

ಮಗಳು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, “ನೋಡಮ್ಮ, ಸ್ವೆಟರ್ ಇಲ್ದೆ ಓಡಾಡ್ತಿದೀಯ. ಎಲ್ಲಿ ಹೋಯ್ತು ಮಂಡಿನೋವು?”

ನಾನು ನಗುತ್ತಿದ್ದೆ. ನೋವು ನಿಜವಾಗಿಯೂ ಹೋಗಿತ್ತು.

ಒಂಬತ್ತು ವರ್ಷದ ಮೊಮ್ಮಗಳು ಮಾತ್ರ ಟ್ಯಾಕ್ಸಿಯ ಗಾಜಿಗೆ ಮೂಗು ಒತ್ತಿಕೊಂಡು, “ಅಜ್ಜಿ, ವೇರ್ ಡು ಪೀಪಲ್ ವಾಕ್?” ಎನ್ನುತ್ತಿದ್ದಳು. ಗೋಥೆನ್‌ಬರ್ಗ್‌ನಲ್ಲಿ ಅವಳು ಒಬ್ಬಳೇ ಟ್ರಾಮ್ ಹತ್ತಿ ಶಾಲೆಗೆ ಹೋಗಿ ಬರುವವಳು, ಮನೆಯ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು. ಮೂರನೆಯ ದಿನ ಸ್ವಿಮ್ಮಿಂಗ್ ಪೂಲ್ ಬಳಿ ಒದ್ದೆ ಬಾಯಿಯನ್ನು ನನ್ನ ಕಿವಿಗೆ ಹಚ್ಚಿ ಕೇಳಿದಳು.

“ಇಲ್ಲಿಗೆ ಮೂವ್ ಆದ್ರೆ ನನ್ನ ಕೀ ವಾಪಸ್ ಕೊಡ್ಬೇಕಾ? ಅಮ್ಮಂಗೆ ಹೇಳ್ಬೇಡ. ಶಿ ಈಸ್ ಡೂಯಿಂಗ್ ಇಟ್ ಫಾರ್ ಯು.”

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿಲ್ಲದವಳಂತೆ ಬಿಸಿಲಿನಲ್ಲಿ ಕೂತಿರುವುದು ಹಿತವಾಗಿತ್ತು, ಅಷ್ಟೆ.

ಮರುದಿನ, ಮಗಳಿಗೆ ಬಾಸ್ ಆಗಬೇಕಿದ್ದವರು ನಮ್ಮನ್ನು ಮನೆಗೆ ಕರೆದರು. ಅವರ ತಾಯಿ ನನ್ನ ವಾರಗೆಯವರು. ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿ ಘಮದ ತೆಳು ಕಾಫಿ ಬಗ್ಗಿಸಿದರು. ಫಿಲ್ಟರ್ ಕಾಫಿಯ ನಾಲಗೆಗೆ ಅದು ಕಷಾಯವೇ ಸರಿ. ಆದರೆ ಹೋಸ್ಟೆಸ್ ಕೊಟ್ಟದ್ದನ್ನು ಬಿಡಬಾರದು, ಸಾಕು ಎನ್ನಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲ, ಕುಡಿದೆ. ಬಟ್ಟಲು ಮತ್ತೆ ತುಂಬಿತು. ಮತ್ತೆ ಕುಡಿದೆ. ಖಾಲಿ ಮಾಡಿದರೆ ಮುಗಿಯುತ್ತದೆ ಎಂದು ನಾನು, ಖಾಲಿಯಾಯಿತಲ್ಲ ಎಂದು ಅವರು. ಎದೆ ಢವಢವ ಹೊಡೆದುಕೊಳ್ಳತೊಡಗಿತು.

“ಸೆವೆನ್, ಅಜ್ಜಿ” ಎಂದಳು ಮೊಮ್ಮಗಳು ಮೆಲ್ಲಗೆ.

ಆ ತಾಯಿಗೆ ಆಗ ಅರ್ಥವಾಯಿತು. ಸೆರಗಿನಂಥ ಕಪ್ಪು ವಸ್ತ್ರ ಜಾರುವಷ್ಟು ನಕ್ಕರು. ನನ್ನ ಮಣಿಕಟ್ಟು ಹಿಡಿದು ಖಾಲಿ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿದರು. ಸಾಕೆಂದರೆ ಹೀಗೆ ಮಾಡಬೇಕಂತೆ.

“ವಿ ಮಸ್ಟ್ ಪೋರ್,” ಎಂದರು ತಮ್ಮ ಹರಕು ಇಂಗ್ಲಿಷಿನಲ್ಲಿ. “ಯು ಮಸ್ಟ್ ಟೆಲ್.”

ಟ್ಯಾಕ್ಸಿಯಲ್ಲಿ ಹೋಟೆಲಿಗೆ ಹಿಂದಿರುಗುವಾಗ ಮಗಳ ಮುಖ ನೋಡಿದೆ. ಎರಡು ಚಳಿಗಾಲ ಅವಳೆದುರು ಗೊಣಗಿದ್ದೆ; ಅವಳು ಪಾಪ, ನನಗಾಗಿ ಒಂದು ಊರನ್ನೇ ತಂದು ಬಗ್ಗಿಸುತ್ತಿದ್ದಳು.

“ನಂಗೋಸ್ಕರ ಅಂತಿದ್ರೆ ಈ ಊರು ಬೇಡ ಕಣೇ” ಎಂದೆ.

“ಅಲ್ಲಮ್ಮ, ಚಳಿ ಚಳಿ ಅಂತ ನನ್ನ ತಲೆ ತಿಂದಿದ್ದು ಯಾರು? ಪಕ್ಕದ್ಮನೆ ಸ್ವೀಡಿಷ್ ಅಜ್ಜಿನಾ?”

“ನಾನೇ. ಗೊಣಗೋದು ನನ್ನ ಹಾಬಿ. ಇವಳನ್ನ ಕೇಳಿದೀಯಾ ನೀನು?”

ಮಗಳು ಹಿಂದಿನ ಸೀಟಿಗೆ ತಿರುಗಿದಳು. ಮಗು ಸ್ವೀಡಿಷ್‌ನಲ್ಲಿ ಶುರುಮಾಡಿತು, ಬಹಳ ಹೊತ್ತು ಮಾತಾಡಿತು. ನನಗೆ ಒಂದು ಪದವೂ ತಿಳಿಯಲಿಲ್ಲ. ಮಗಳು ಅದರ ತಲೆ ಸವರಿದ್ದು ಮಾತ್ರ ಕಂಡಿತು.

ಮರುದಿನ ಬೆಳಿಗ್ಗೆ ಮಗಳು ರೂಮಿನಿಂದ ಆ ಬಾಸ್‌ಗೆ ಫೋನ್ ಮಾಡಿದಳು. “ಇಟ್ ವಾಸ್ ಎ ವೆರಿ ಕೈಂಡ್ ಆಫರ್, ಬಟ್...” ಗಾಜಿನ ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ನಾನು ಬಾಲ್ಕನಿಯಲ್ಲಿ ಬಿಸಿಲಿಗೆ ಮಂಡಿ ಚಾಚಿ ಕೂತಿದ್ದೆ. ತಿರುಗಿದರೆ ನನ್ನ ಮುಖ ಅವಳಿಗೆ ಕಾಣುತ್ತಿತ್ತು. ಅವಳ ಮಾತು ಮುಗಿಯುವ ತನಕ ಸಮುದ್ರವನ್ನೇ ನೋಡಿದೆ.